ಮೇಯರ್ ಹತ್ತಿರ ಮೊದಲು ಕೇಳಬೇಕಾದ್ದು ಯಾವುದು: ಕಸವೋ, ನೀರೋ, ರಸ್ತೆಯೋ, ಚರಂಡಿಯೋ, ಮಾರ್ಕೆಟ್ಟೋ?

ಮೈಸೂರಿನ ಬಡಾವಣೆ ಸಂಘಗಳಿಂದ ಬರುವ ಪ್ರಶ್ನೆ ಈಚೆಗೆ ಹೆಚ್ಚುಕಡಿಮೆ ಒಂದೇ. “ಪಾಲಿಕೆ ಚುನಾವಣೆಗೆ ನಿಲ್ಲುವವರ ಕೈಗೆ ಒಂದು ಮನವಿ ಕೊಡೋಣ ಅಂತಿದ್ದೀವಿ. ಸಂಘದಲ್ಲಿ ಅರ್ಧ ಜನ ಕಸ ಅಂತಾರೆ, ಇನ್ನರ್ಧ ರಸ್ತೆ ಅಂತಾರೆ, ಹಿಂದಿನ ಕ್ರಾಸಿನವರು ನೀರು ಬಿಟ್ಟು ಬೇರೆ ಮಾತೇ ಎತ್ತಬೇಡಿ ಅಂತಾರೆ. ಮೊದಲು ಯಾವುದನ್ನು ಹಾಕೋದು?”

ಎಲ್ಲವನ್ನೂ ಹಾಕಿ ಇಪ್ಪತ್ತು ಅಂಶದ ಮನವಿ ಕೊಡುವುದು ಸುಲಭ. ತೆಗೆದುಕೊಂಡವರು ಫೋಟೊಗೆ ನಿಂತು, ಇಪ್ಪತ್ತಕ್ಕೂ “ಆಯ್ತು, ಮಾಡೋಣ” ಎಂದು ಹೊರಟುಬಿಡುತ್ತಾರೆ. ಆರು ತಿಂಗಳಾದ ಮೇಲೆ ಯಾವುದನ್ನು ಹಿಡಿದು ಕೇಳಬೇಕೆಂದು ಕೊಟ್ಟವರಿಗೇ ನೆನಪಿರುವುದಿಲ್ಲ. ಎರಡು ಬೇಡಿಕೆ ಸಾಕು, ಹೆಚ್ಚೆಂದರೆ ಮೂರು. ಅವು ಯಾವುವು ಅನ್ನುವುದು ನಿಮ್ಮ ಮನೆ ಎಲ್ಲಿದೆ, ಸ್ವಂತದ್ದೋ ಬಾಡಿಗೆಯದೋ, ಅಂಗಡಿ ಮುಂಗಟ್ಟು ಇದೆಯೋ ಎಂಬುದನ್ನು ನೋಡಿಕೊಂಡು ತೀರ್ಮಾನವಾಗಬೇಕು. ಐದು ಆಯ್ಕೆಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ವೋಟು ಯಾವ ಪಕ್ಷಕ್ಕೆ ಅನ್ನುವುದು ನಿಮಗೆ ಬಿಟ್ಟದ್ದು.

ಮೇಯರ್ ಕೈಲಿ ಏನಿದೆ, ಏನಿಲ್ಲ

ಬೇಡಿಕೆ ಇಡುವ ಮುಂಚೆ ಕುರ್ಚಿಯ ಶಕ್ತಿ ಎಷ್ಟೆಂದು ತಿಳಿದಿರಬೇಕು. ನಾವು ವೋಟು ಹಾಕುವುದು ವಾರ್ಡಿನ ಕಾರ್ಪೊರೇಟರ್‌ಗೆ. ಮೇಯರ್‌ರನ್ನು ಆರಿಸುವುದು ಆ ಕಾರ್ಪೊರೇಟರ್‌ಗಳು, ಜೊತೆಗೆ ಮತದಾನದ ಹಕ್ಕಿರುವ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರು. ಯಾವ ವರ್ಗಕ್ಕೆ ಮೇಯರ್ ಸ್ಥಾನ ಮೀಸಲು ಎಂಬುದನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ.

2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದು ಬಂದ ಕೌನ್ಸಿಲ್‌ನ ಲೆಕ್ಕ ನೋಡಿ. 65 ವಾರ್ಡ್, ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18, ಉಳಿದದ್ದು ಪಕ್ಷೇತರರು ಮತ್ತು ಬಿಎಸ್‌ಪಿ. ಯಾರಿಗೂ ಬಹುಮತವಿಲ್ಲ. ಐದು ವರ್ಷದಲ್ಲಿ ಐವರು ಮೇಯರ್‌ಗಳಾದರು: ಪುಷ್ಪಲತಾ ಜಗನ್ನಾಥ್, ತಸ್ನೀಂ, ರುಕ್ಮಿಣಿ ಮಾದೇಗೌಡ, ಸುನಂದಾ ಪಾಲನೇತ್ರ, ಶಿವಕುಮಾರ್. ಐವರಲ್ಲಿ ನಾಲ್ವರು ಹೆಂಗಸರು ಅನ್ನುವುದನ್ನು ಊರು ಅಷ್ಟಾಗಿ ಆಡಿಕೊಳ್ಳಲಿಲ್ಲ. ಯಾರು ಯಾರ ಜೊತೆ ಮೈತ್ರಿ ಮಾಡಿಕೊಂಡರು ಅನ್ನುವುದನ್ನೇ ಆಡಿಕೊಂಡಿತು. ಪಕ್ಕದ ಮಂಡ್ಯದ ನಗರಸಭೆ ಅಧ್ಯಕ್ಷರಿಗೆ ಎರಡೂವರೆ ವರ್ಷ ಸಿಗುತ್ತದೆ. ಇಲ್ಲಿ ಅದಕ್ಕಿಂತ ದೊಡ್ಡ ಊರನ್ನು ನೋಡಿಕೊಳ್ಳುವವರಿಗೆ ಸಿಕ್ಕಿದ್ದು ತಲಾ ಒಂದು ವರ್ಷದಷ್ಟು, ಅದರಲ್ಲೂ ಕೋವಿಡ್ ಕಾಲ. 2023ರ ನವೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಜಂಬೂಸವಾರಿಯಲ್ಲಿ ಕುದುರೆ ಏರಿ ಬರುವ ಮೇಯರ್ ಕಾಣದಾದರು. ಕುದುರೆಗಿಂತ ಜನಕ್ಕೆ ಕೊರತೆ ತಟ್ಟಿದ್ದು ಬೀದಿದೀಪ ಕೆಟ್ಟಾಗ ಫೋನ್ ಮಾಡಲು ಕಾರ್ಪೊರೇಟರ್ ಇಲ್ಲದಿದ್ದುದರಿಂದ.

ಕುರ್ಚಿ ಮೇಲೆ ಕೂತಾಗಲೂ ಕಾರ್ಯಾಂಗದ ಅಧಿಕಾರವಿರುವುದು ಸರ್ಕಾರ ನೇಮಿಸುವ ಆಯುಕ್ತರಿಗೆ. ಟೆಂಡರ್ ಕರೆಯುವುದು, ಬಿಲ್ ಪಾಸ್ ಮಾಡುವುದು, ಸಿಬ್ಬಂದಿಯನ್ನು ಇಲ್ಲಿಂದ ಅಲ್ಲಿಗೆ ಹಾಕುವುದು ಅವರ ಕೆಲಸ. ಮೇಯರ್‌ಗೆ ಇರುವುದು ಕೌನ್ಸಿಲ್ ಸಭೆಯ ಅಧ್ಯಕ್ಷತೆ, ನಿರ್ಣಯ, ತಪಾಸಣೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಮನ ಸೆಳೆಯುವ ಬಲ. ಅವರ ಪಕ್ಕದಲ್ಲೇ ಇನ್ನೊಂದು ಬಲವಿದೆ, ಅದನ್ನು ಸಂಘಗಳು ಮರೆಯುತ್ತವೆ: ಸ್ಥಾಯಿ ಸಮಿತಿಗಳು. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು. ನಿಮ್ಮ ಕಾರ್ಪೊರೇಟರ್ ಮೇಯರ್ ಆಗದಿದ್ದರೂ ಆರೋಗ್ಯ ಸಮಿತಿಯಲ್ಲಿ ಕೂತರೆ ಕಸದ ವಿಷಯದಲ್ಲಿ ಮೇಯರ್‌ಗಿಂತ ಹೆಚ್ಚು ಕೆಲಸ ಮಾಡಬಲ್ಲರು.

ತೂಗುವ ಬಗೆ

ಪ್ರತಿ ಬೇಡಿಕೆಗೂ ನಾನು ಕೇಳುವುದು ಐದು ಪ್ರಶ್ನೆ.

ಮೊದಲನೆಯದು, ಅದು ಪಾಲಿಕೆಯ ಆಸ್ತಿಯೇ, ಪಾಲಿಕೆಯ ಕೆಲಸವೇ? ಊರಲ್ಲಿ ಕಣ್ಣಿಗೆ ಬೀಳುವ ಅರ್ಧಕ್ಕರ್ಧ ಬೇರೆ ಇಲಾಖೆಯದು. ಎರಡನೆಯದು, ಮೇಯರ್ ಅವಧಿಯೊಳಗೆ ಮುಗಿಯುತ್ತದೆಯೇ, ಅಥವಾ ಮರಳಿ ಬಾರದ ಹಾಗೆ ಶುರುವಾದರೂ ಆಗುತ್ತದೆಯೇ? ಮೂರನೆಯದು, ಮುಂದಿನ ಮೇಯರ್ ಬಂದ ಮೇಲೂ ನಡೆಯುತ್ತದೆಯೇ. ಅಂದರೆ ಕಟ್ಟುವ ದುಡ್ಡಲ್ಲದೆ ನಡೆಸುವ ದುಡ್ಡು ಎಲ್ಲಿಂದ? ನಾಲ್ಕನೆಯದು, ಲಾಭ ಯಾರಿಗೆ, ತೊಂದರೆ ಯಾರಿಗೆ? ಐದನೆಯದು, ಆಯಿತೋ ಇಲ್ಲವೋ ಎಂದು ನಿಮ್ಮ ಗೇಟಿನ ಹತ್ತಿರ ನಿಂತು ಹೇಳಬಹುದೇ?

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಾಲಿಕೆಗೆ ಸ್ವಂತ ಆದಾಯ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಶುಲ್ಕ, ಪರವಾನಗಿ ಮತ್ತು ಮಳಿಗೆ ಬಾಡಿಗೆಯಿಂದ. ಉಳಿದದ್ದು ಅನುದಾನ, ಅದು ಷರತ್ತಿನ ಮೇಲೆ ಬರುತ್ತದೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅನ್ನುವ ಕಟ್ಟಿತ್ತು. ಸ್ಥಳೀಯ ಸಂಸ್ಥೆಗಳ ಬಜೆಟ್‌ನಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿಡುವ ನಿಯಮವೂ ಇದೆ. ಇದನ್ನು ತಿಳಿದುಕೊಂಡು ಕೇಳಿದವರಿಗೆ “ದುಡ್ಡಿಲ್ಲ ಸಾರ್” ಎಂಬ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕಸ

ಮೈಸೂರಿಗೆ ಹೆಸರು ತಂದದ್ದೂ ಇದೇ, ಮಾನ ಕಳೆಯುವುದೂ ಇದೇ. ಸ್ವಚ್ಛತೆಯ ರಾಷ್ಟ್ರೀಯ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೊದಲ ಸ್ಥಾನ. 2017ರಲ್ಲಿ ಇಂದೋರ್ ಮುಂದೆ ಹೋಯಿತು, ನಾವು ಐದಕ್ಕೆ ಇಳಿದೆವು. 2020ರಲ್ಲಿ ಮೂರರಿಂದ ಹತ್ತು ಲಕ್ಷ ಜನಸಂಖ್ಯೆಯ ನಗರಗಳಲ್ಲಿ ಮತ್ತೆ ಮೊದಲು. ಇಂದೋರ್ ಹೇಗೆ ಗೆದ್ದಿತು ಎಂದು ಕೇಳುವವರಿಗೆ ಒಂದು ಉತ್ತರ ಸಲೀಸಾಗಿ ಮರೆತುಹೋಗುತ್ತದೆ. ಮಧ್ಯಪ್ರದೇಶದಲ್ಲಿ ಮೇಯರ್‌ರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅವಧಿ ಐದು ವರ್ಷ. ಕಸದ ಕೆಲಸಕ್ಕೆ ಬೇಕಾದ ಹಟ ಹಿಡಿಯಲು ಅಲ್ಲಿ ಸಮಯವಿತ್ತು. ಆಯುಕ್ತರ ಪಾಲೂ ದೊಡ್ಡದು ಅನ್ನಿ.

ಮೊದಲ ಪ್ರಶ್ನೆಗೆ ಇಲ್ಲಿ ತಕರಾರೇ ಇಲ್ಲ. ಕಸ ಪೂರ್ತಿ ಪಾಲಿಕೆಯದೇ. ಗಾಡಿ, ಪೌರಕಾರ್ಮಿಕರು, ಆರೋಗ್ಯ ನಿರೀಕ್ಷಕರು, ದಂಡ ಹಾಕುವ ಅಧಿಕಾರ, ಊರಿನ ಕಸ ಹೋಗಿ ಬೀಳುವ ವಿದ್ಯಾರಣ್ಯಪುರದ ಸೂಯೇಜ್ ಫಾರಂ, ಎಲ್ಲವೂ. ಗೇಟಿನ ಪ್ರಶ್ನೆಗೂ ಪೂರ್ಣ ಅಂಕ. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಆಟೋ ಬಂದಾಗ ಹತ್ತು ನಿಮಿಷ ನಿಂತು ನೋಡಿ. ಒಂದು ಮನೆಯಿಂದ ಹಸಿರು ಬಕೆಟ್ಟಿನಲ್ಲಿ ಸೊಪ್ಪಿನ ದಂಟು, ತೆಂಗಿನ ತುರಿ, ಕಾಫಿ ಚರಟ ಬರುತ್ತದೆ. ಪಕ್ಕದ ಮನೆಯದು ಗಂಟು ಹಾಕಿದ ಒಂದೇ ಪ್ಲಾಸ್ಟಿಕ್ ಕವರ್. ಒಳಗೆ ಅನ್ನ, ಹಾಲಿನ ಪ್ಯಾಕೆಟ್, ಡಯಾಪರ್, ಒಡೆದ ಬಲ್ಬು. ಆಟೋದ ಹಿಂದೆ ನಿಂತ ಹೆಣ್ಣುಮಗಳು ಆ ಗಂಟನ್ನು ಬಿಚ್ಚಿ ಕೈಯಲ್ಲೇ ಬೇರೆ ಮಾಡಬೇಕು, ಇಲ್ಲವೇ ಹಾಗೇ ಒಳಗೆ ಎಸೆಯಬೇಕು. ಮುಂದಿನ ಬೀದಿ ಕಾಯುತ್ತಿರುವಾಗ ಆಕೆ ಎಸೆಯುತ್ತಾಳೆ. ಅಲ್ಲಿಗೆ ಮೊದಲ ಮನೆಯವರ ಶ್ರಮವೂ ವ್ಯರ್ಥ.

ಈ ಒಂದು ಗಳಿಗೆಯಲ್ಲಿ ತಪ್ಪಿದ್ದು ಮುಂದೆಲ್ಲೂ ಸರಿಹೋಗುವುದಿಲ್ಲ. ಬೆರೆತ ಕಸದಿಂದ ಒಳ್ಳೆ ಗೊಬ್ಬರವಾಗದು. ಗೊಬ್ಬರವಾಗದ್ದು ಸೂಯೇಜ್ ಫಾರಂನಲ್ಲಿ ಗುಡ್ಡವಾಗುತ್ತದೆ. ಗುಡ್ಡಕ್ಕೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಹೊಗೆ, ನಾತ ಎರಡೂ ವಿದ್ಯಾರಣ್ಯಪುರ, ಜೆ.ಪಿ. ನಗರ, ಕನಕಗಿರಿ ಕಡೆಯವರ ಪಾಲಿಗೆ. ಹಳೆಯ ಕಸವನ್ನು ಅಗೆದು ಜರಡಿ ಹಿಡಿಯುವುದಕ್ಕೆ ಕೋಟಿಗಟ್ಟಲೆ ಬೇಕು. ಅದಕ್ಕೆ ಸರ್ಕಾರದ ಮಂಜೂರಾತಿ ಬೇಕಾಗುವುದರಿಂದ ಅದು ಮೇಯರ್ ಒಬ್ಬರ ಕೈಲಿಲ್ಲ. ಹೊಸದನ್ನು ಅಲ್ಲಿಗೆ ಕಡಿಮೆ ಕಳಿಸುವುದು ಮಾತ್ರ ಖಂಡಿತ ಅವರ ಕೈಲಿದೆ.

ಮಾದರಿಗೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ಕುಂಬಾರಕೊಪ್ಪಲಿನ ಶೂನ್ಯ ಕಸ ಘಟಕ ಊರಿನ ಕಸವನ್ನು ಊರಲ್ಲೇ ಬೇರ್ಪಡಿಸಿ, ಒಣದನ್ನು ಮಾರಿ, ಹಸಿಯದನ್ನು ಗೊಬ್ಬರ ಮಾಡಿ ತೋರಿಸಿದೆ; ಹೊರಗಿನವರು ನೋಡಲು ಬರುತ್ತಾರೆ. ಹಾಗಾದರೆ ಎಲ್ಲ ಕಡೆ ಯಾಕಿಲ್ಲ? ಘಟಕ ಬೇಕು ಅನ್ನುವವರು ಸಾವಿರ ಮಂದಿ, ತಮ್ಮ ಬೀದಿಯಲ್ಲಿ ಇರಲಿ ಅನ್ನುವವರು ಒಬ್ಬರೂ ಇಲ್ಲ. ಇಲ್ಲಿರುವ ಕಷ್ಟ ಇದೇ, ಇದನ್ನು ಮುಚ್ಚಿಟ್ಟು ಬೇಡಿಕೆ ಇಡಬೇಡಿ. ವಾರ್ಡಿನಲ್ಲಿ ಜಾಗ ತೋರಿಸಿ ನೆರೆಯವರನ್ನು ಒಪ್ಪಿಸುವ ಹೊಣೆ ಸಂಘ ಹೊತ್ತರೆ, ಉಳಿದದ್ದನ್ನು ಕಾರ್ಪೊರೇಟರ್ ಕೇಳಬಹುದು.

ಇನ್ನೊಂದು ದಾರಿ ಇದಕ್ಕಿಂತ ಅಗ್ಗ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ಛತ್ರ, ಹೋಟೆಲ್, ಅಪಾರ್ಟ್‌ಮೆಂಟ್‌ಗಳನ್ನು ಘನತ್ಯಾಜ್ಯ ನಿಯಮ ಪ್ರತ್ಯೇಕವಾಗಿ ನೋಡುತ್ತದೆ. ತಮ್ಮ ಹಸಿ ಕಸವನ್ನು ಆದಷ್ಟೂ ತಮ್ಮಲ್ಲೇ ವಿಲೇವಾರಿ ಮಾಡಬೇಕೆನ್ನುತ್ತದೆ. ಲಗ್ನದ ತಿಂಗಳಲ್ಲಿ ಛತ್ರಗಳ ಬಾಳೆ ಎಲೆ, ಊಟದ ಶೇಷ ಎಲ್ಲಿ ಹೋಗುತ್ತದೆ ಎಂದು ಪಟ್ಟಿ ಕೇಳಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಟೆಂಡರ್ ಬೇಡ, ನೋಟಿಸ್ ಕೊಡುವ ಧೈರ್ಯ ಬೇಕು. ಛತ್ರದ ಮಾಲೀಕರಿಗೆ ರಾಜಕೀಯದವರ ನಂಟಿರುವ ಕಡೆ ಆ ಧೈರ್ಯ ಎಲ್ಲಿಂದ ಬರಬೇಕು ಎನ್ನುವುದು ಬೇರೆ ಮಾತು.

ನನ್ನ ತಕ್ಕಡಿಯಲ್ಲಿ ಕಸ ಮೊದಲು. ಕಡಿಮೆ ದುಡ್ಡು, ಪೂರ್ತಿ ಪಾಲಿಕೆಯ ಹಿಡಿತ, ದಿನವೂ ಕಣ್ಣಿಗೆ ಕಾಣುವ ಫಲ. ಗಾಡಿಯ ವೇಳೆ, ಬೇರ್ಪಡಿಸದ ಕಸ ವಾಪಸ್, ವಾರ್ಡಿಗೆ ಒಂದು ಒಣ ಕಸದ ಶೆಡ್. ಈ ಮೂರನ್ನೇ ಬರೆದುಕೊಡಿ.

ನೀರು

ಕಾವೇರಿ, ಕಬಿನಿ ಎರಡೂ ಕೈಗೆಟಕುವಷ್ಟು ಹತ್ತಿರವಿರುವ ಊರಲ್ಲಿ ನೀರಿನ ಟ್ಯಾಂಕರ್ ಓಡಾಡುವುದು ಹೊರಗಿನವರಿಗೆ ಆಶ್ಚರ್ಯ. ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಕಬಿನಿಯ ಬಿದರಗೋಡು, ಇಷ್ಟು ಕಡೆಯಿಂದ ನೀರೆತ್ತಿ ತರುತ್ತೇವೆ. ತಂದದ್ದರಲ್ಲಿ ಒಂದಷ್ಟು ಹಳೆಯ ಪೈಪಿನಲ್ಲೇ ಸೋರಿಹೋಗುತ್ತದೆ, ಇನ್ನೊಂದಷ್ಟು ಲೆಕ್ಕಕ್ಕೆ ಸಿಗದ ಕನೆಕ್ಷನ್‌ಗಳಿಗೆ.

ಎರಡು ಬಗೆಯ ಭರವಸೆ ಕೇಳಿಬರುತ್ತದೆ. ಒಂದು ದೊಡ್ಡದು: ಹಳೇ ಉಂಡುವಾಡಿ ಯೋಜನೆ ಮುಗಿಸುತ್ತೇವೆ, ಇಡೀ ಊರಿಗೆ ಇಪ್ಪತ್ನಾಲ್ಕು ಗಂಟೆ ನೀರು. ಉಂಡುವಾಡಿ ರಾಜ್ಯ ಸರ್ಕಾರ, ನೀರು ಸರಬರಾಜು ಮಂಡಳಿ ಮಟ್ಟದ ಕೆಲಸ. ಕೆಆರ್‌ಎಸ್ ಹಿನ್ನೀರಿನಿಂದ ಕೊಳವೆ ಎಳೆಯುವುದು ಮೇಯರ್ ಭಾಷಣದಿಂದ ವೇಗವಾಗುವುದಿಲ್ಲ. ದಿನವಿಡೀ ನೀರಿನ ಕನಸನ್ನು ನರ್ಮ್ (ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆ) ಕಾಲದಲ್ಲೂ ಕಂಡಿದ್ದೇವೆ. ಖಾಸಗಿ ಕಂಪನಿಗೆ ವಹಿಸಿ, ಮೀಟರು ಕೂರಿಸಿ, ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಜಗಳವಾಡಿ, ಕಡೆಗೆ ಹೊಣೆ ಪಾಲಿಕೆಗೇ ಮರಳಿತು.

ಇನ್ನೊಂದು ಚಿಕ್ಕ ಭರವಸೆ, ಅದನ್ನು ಯಾರೂ ಕೊಡುವುದೇ ಇಲ್ಲ: ನಮ್ಮ ಬೀದಿಗೆ ಇಂಥ ದಿನ, ಇಂಥ ಹೊತ್ತಿಗೆ, ಇಷ್ಟು ಹೊತ್ತು ನೀರು ಎಂದು ಬರೆದು ಹಾಕುವುದು. ನೀರು ಬಿಡುವ ಅಣ್ಣ ಬೆಳಗಿನ ಜಾವ ಬೈಕ್ ನಿಲ್ಲಿಸಿ, ಟಿ ಆಕಾರದ ಉದ್ದನೆ ಕಬ್ಬಿಣದ ಕೀಲಿಯನ್ನು ಮಣ್ಣೊಳಗಿನ ಗುಂಡಿಗೆ ಇಳಿಸಿ ಎಷ್ಟು ಸುತ್ತು ತಿರುಗಿಸುತ್ತಾನೆ ಅನ್ನುವುದರ ಮೇಲೆ ಇಡೀ ಕ್ರಾಸಿನ ದಿನ ನಿಂತಿದೆ. ಆ ಸುತ್ತು ಅವನ ತಲೆಯಲ್ಲಿದೆ, ಕಾಗದದಲ್ಲಿಲ್ಲ. ಅವನು ರಜೆ ಹಾಕಿದರೆ ಎತ್ತರದ ಕೊನೆಯ ನಾಲ್ಕು ಮನೆಗೆ ಅಂದು ಗಾಳಿ ಮಾತ್ರ. ವಾಲ್ವ್ ವೇಳಾಪಟ್ಟಿ, ಸೋರುವ ಕಡೆ ಇಷ್ಟು ದಿನದೊಳಗೆ ದುರಸ್ತಿ, ಕೊನೆಯ ಮನೆಯಲ್ಲಿ ಒತ್ತಡದ ಅಳತೆ: ಇವು ವಾಣಿವಿಲಾಸ ನೀರು ಸರಬರಾಜು ಕಚೇರಿಯಿಂದಲೇ ಆಗಬಲ್ಲ ಕೆಲಸ. 15ನೇ ಹಣಕಾಸು ಆಯೋಗದ ಅನುದಾನದ ಕಟ್ಟೂ ನೀರಿನ ಪರವಾಗಿತ್ತು.

ಮೀಟರಿನ ಮಾತು ಬಂದಾಗ ಸಂಘಗಳು ಒಡೆಯುತ್ತವೆ, ಒಡೆಯುವುದು ಸಹಜ. ಮೀಟರು ಬಂದರೆ ಸೋರಿಕೆಯ ಲೆಕ್ಕ ಸಿಗುತ್ತದೆ, ಅಂಗಳಕ್ಕೆ ಪೈಪಿಟ್ಟು ಕಾರು ತೊಳೆಯುವವರ ಕೈ ಹಿಡಿಯುತ್ತದೆ. ಆದರೆ ಒಂದೇ ನಲ್ಲಿಯಲ್ಲಿ ಆರು ಸಂಸಾರ ಬಾಳುವ ವಠಾರದಲ್ಲಿ ಬಳಕೆ ಒಟ್ಟಾಗಿ ಮೇಲಿನ ದರಕ್ಕೆ ಹತ್ತಿ, ಬಿಲ್ಲು ಬಾಡಿಗೆದಾರರ ತಲೆಗೆ ಬರುತ್ತದೆ. ಸಂಪು, ಓವರ್‌ಹೆಡ್ ಟ್ಯಾಂಕ್ ಎರಡೂ ಇರುವವರಿಗೆ ದಿನ ಬಿಟ್ಟು ದಿನ ನೀರು ಬಂದರೂ ನಡೆಯುತ್ತದೆ; ಕೊಡ, ಡ್ರಮ್ಮು ನಂಬಿದವರಿಗೆ ನಡೆಯದು. ಸಂಘದ ಸಭೆಗೆ ಬರುವವರು ಸಾಮಾನ್ಯವಾಗಿ ಸಂಪು ಇರುವವರೇ. ಹಿಂದಿನ ಕ್ರಾಸಿನವರ ಮಾತಿಗೆ ಕಿವಿ ಕೊಡಿ ಅನ್ನುವುದು ಅದಕ್ಕೇ.

ರಸ್ತೆ, ದೀಪ, ಪಾರ್ಕಿಂಗ್

ಅಭ್ಯರ್ಥಿಗಳಿಗೆ ಇದು ಅಚ್ಚುಮೆಚ್ಚು. ಡಾಂಬರು ಕಪ್ಪಗೆ ಕಾಣುತ್ತದೆ, ಪೂಜೆ ಮಾಡಿ ತೆಂಗಿನಕಾಯಿ ಒಡೆಯಬಹುದು, ಹೆಸರಿನ ಫಲಕ ನೆಡಬಹುದು. ಮೂರು ತಿಂಗಳಲ್ಲಿ ಮುಗಿಯುತ್ತದೆ, ಎರಡನೆಯ ಪ್ರಶ್ನೆಗೆ ಪೂರ್ಣ ಅಂಕ. ಮೂರನೆಯದಕ್ಕೆ ಸೊನ್ನೆ. ಡಾಂಬರು ಹಾಕಿದ ತಿಂಗಳಲ್ಲಿ ಒಳಚರಂಡಿಯವರು, ಕೇಬಲ್‌ನವರು, ಗ್ಯಾಸ್ ಪೈಪಿನವರು ಸರದಿಯಲ್ಲಿ ಬಂದು ಅಗೆಯುತ್ತಾರೆ. ಆದ್ದರಿಂದ “ರಸ್ತೆ ಹಾಕಿಸಿ” ಎನ್ನುವ ಬದಲು “ಅಗೆಯುವವರೆಲ್ಲ ಮೊದಲು ಅಗೆಯಲಿ, ಆಮೇಲೆ ರಸ್ತೆ” ಎಂದು ಬರೆಯಿರಿ. ರಸ್ತೆ ಕಿತ್ತುಹೋದರೆ ಗುತ್ತಿಗೆದಾರರೇ ಸರಿಪಡಿಸುವ ಹೊಣೆ ಎಷ್ಟು ವರ್ಷ, ಆ ಗುತ್ತಿಗೆದಾರರು ಯಾರು ಎಂದು ಫಲಕದಲ್ಲಿ ಇರಲಿ ಅನ್ನಿ.

ದೊಡ್ಡ ರಸ್ತೆಗಳಲ್ಲಿ ಯಾವುದು ಪಾಲಿಕೆಯದು, ಯಾವುದು ಲೋಕೋಪಯೋಗಿ ಇಲಾಖೆಯದು ಎಂದು ಮೊದಲು ಕೇಳಿ. ಹೊರವರ್ತುಲ ರಸ್ತೆಯ ದೀಪ ಯಾರು ನೋಡಿಕೊಳ್ಳಬೇಕು, ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬ ತಕರಾರಿನಲ್ಲಿ ಕತ್ತಲು ಕಂಡವರಿಗೆ ಇದು ಗೊತ್ತು. ಪಾರ್ಕಿಂಗ್ ವಿಷಯದಲ್ಲಿ ಪುರಭವನದ ಆವರಣವೇ ಪಾಠ. ನೆಲದಡಿಯ ವಾಹನ ನಿಲ್ದಾಣದ ಕೆಲಸ ಹತ್ತು ವರ್ಷ ದಾಟಿ ಎಳೆಯಿತು, ಅಷ್ಟರಲ್ಲಿ ಎಷ್ಟೋ ಮೇಯರ್‌ಗಳು ಬಂದುಹೋದರು. ದೇವರಾಜ ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸಲು ದುಡ್ಡು ವಸೂಲಿ ಮಾಡೋಣ ಎಂಬ ಮಾತು ಬಂದಾಗಲೆಲ್ಲ ವ್ಯಾಪಾರಿಗಳು ಒಂದು ಕಡೆ, ನಡೆದಾಡುವವರು ಇನ್ನೊಂದು ಕಡೆ. ಬಸ್ಸಿಗಂತೂ ಮೇಯರ್ ಹತ್ತಿರ ಹೋಗಬೇಡಿ, ಅದು ಕೆಎಸ್‌ಆರ್‌ಟಿಸಿಯದು.

ಫುಟ್‌ಪಾತ್ ಮಾತ್ರ ಬೇರೆ. ಅಗ್ಗ, ಪಾಲಿಕೆಯದೇ, ಮತ್ತು ವಯಸ್ಸಾದವರಿರುವ ಕುವೆಂಪುನಗರ, ಸರಸ್ವತಿಪುರಂ ಥರದ ಬಡಾವಣೆಗಳಲ್ಲಿ ಡಾಂಬರಿಗಿಂತ ಹೆಚ್ಚು ಉಪಯೋಗ.

ಒಳಚರಂಡಿ ಮತ್ತು ಕೆರೆ

ಕೆರೆ ಉಳಿಸಿ ಎಂಬ ಬೇಡಿಕೆಗೆ ಸಹಿ ಹಾಕದವರಿಲ್ಲ. ಆದರೆ ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯ ಪ್ರಾಧಿಕಾರದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಹೆಬ್ಬಾಳ ಕೆರೆ ಚೇತರಿಸಿಕೊಂಡದ್ದು ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ. ಮೇಯರ್‌ಗೆ “ಕೆರೆ ಉಳಿಸಿ” ಎಂದರೆ ಅವರೂ ನಿಮ್ಮ ಜೊತೆ ಸಹಿ ಹಾಕಬಹುದು, ಅಷ್ಟೇ.

ಕೇಳಬೇಕಾದ್ದು ಕೆರೆಗೆ ಬಂದು ಬೀಳುವುದರ ಬಗ್ಗೆ. ಒಡೆದ ಮ್ಯಾನ್‌ಹೋಲ್, ಮಳೆನೀರಿನ ಚರಂಡಿಗೆ ಕದ್ದು ಸೇರಿಸಿದ ಶೌಚದ ಕೊಳವೆ, ಕಟ್ಟಿಕೊಂಡ ರಾಜಕಾಲುವೆ, ಇವು ಪಾಲಿಕೆಯ ಮನೆ ಕೆಲಸ. ಊರಿನ ಇಳಿಜಾರು ಮೂರು ಕಡೆಗಿದೆ, ಕೊಳಚೆ ನೀರಿನ ಶುದ್ಧೀಕರಣ ಘಟಕಗಳೂ ಮೂರು: ವಿದ್ಯಾರಣ್ಯಪುರ, ಕೆಸರೆ, ರಾಯನಕೆರೆ. ಅವುಗಳನ್ನು ತಲುಪದೆ ದಾರಿ ತಪ್ಪಿದ ಕೊಳಚೆ ದಳವಾಯಿ ಕೆರೆಗೆ ಏನು ಮಾಡಿದೆ ಎಂದು ಆ ದಾರಿಯಲ್ಲಿ ಹೋದವರ ಮೂಗಿಗೆ ಗೊತ್ತು.

ಖರ್ಚು ಹೆಚ್ಚು, ಕಾಲ ಹೆಚ್ಚು, ಕಣ್ಣಿಗೆ ಕಾಣುವುದು ಕಡಿಮೆ. ನೆಲದಡಿ ಹೂತ ಪೈಪಿಗೆ ಯಾರೂ ಹಾರ ಹಾಕುವುದಿಲ್ಲ. ಒಂದು ವರ್ಷದ ಮೇಯರ್ ಇದನ್ನು ಮುಟ್ಟದಿರುವುದು ಅದಕ್ಕೇ. ಎರಡೂವರೆ ವರ್ಷ ಸಿಕ್ಕರೂ ಮುಟ್ಟುತ್ತಾರೆಂಬ ಖಾತರಿಯಿಲ್ಲ. ಆದರೂ ಮಳೆಗಾಲದಲ್ಲಿ ಮನೆಯ ಬಾತ್‌ರೂಮಿನಲ್ಲಿ ಕೊಳಚೆ ಉಕ್ಕುವ ತಗ್ಗಿನ ಬೀದಿಯವರಿಗೆ ಬೇರೆ ಯಾವ ಬೇಡಿಕೆಯೂ ಇದಕ್ಕಿಂತ ಮುಂದಿಲ್ಲ. ಅಂಥವರು “ಇಡೀ ಊರಿನ ಒಳಚರಂಡಿ” ಎನ್ನದೆ, ತಮ್ಮ ಬೀದಿಯಿಂದ ಮುಖ್ಯ ಕೊಳವೆವರೆಗಿನ ತುಂಡನ್ನು ನಕ್ಷೆಯ ಮೇಲೆ ಗುರುತು ಮಾಡಿ ಕೊಡಲಿ.

ಹೊರಗಿನ ಖಾಸಗಿ ಬಡಾವಣೆಯವರಿಗೆ ಒಂದು ಎಚ್ಚರಿಕೆ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿದ್ದರೆ ಮೈಸೂರು ಮೇಯರ್ ನಿಮ್ಮ ಮೇಯರ್ ಅಲ್ಲ. ವಿಳಾಸದಲ್ಲಿ ಮೈಸೂರು ಅಂತಿದ್ದರೆ ಸಾಲದು, ಕಂದಾಯದ ರಸೀದಿ ಯಾರದ್ದೆಂದು ನೋಡಿ. ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಖಾಸಗಿಯವರು ಮಾಡಿ ಪಾಲಿಕೆಗೆ ಹಸ್ತಾಂತರವಾಗದ ಬಡಾವಣೆಯಾದರೆ ನಿಮ್ಮ ಮೊದಲ ಬೇಡಿಕೆ ಹಸ್ತಾಂತರ. ಅದಾಗದೆ ಬೇರೆ ಏನು ಕೇಳಿದರೂ ಫೈಲು ಇಲ್ಲಿಂದ ಅಲ್ಲಿಗೆ ಓಡಾಡುತ್ತದೆ. ಬೃಹತ್ ಮೈಸೂರು ಆಗಿ ಇವೆಲ್ಲ ಒಳಗೆ ಬಂದಾಗ ಒಳಗಿನವರ ದುಡ್ಡನ್ನು ಹೊರಗಿನವರ ಚರಂಡಿಗೆ ಹಂಚಬೇಕಾಗುತ್ತದೆ. ಆ ಜಗಳಕ್ಕೆ ಈಗಲೇ ತಯಾರಾಗಿರುವುದು ಒಳ್ಳೆಯದು.

ದೇವರಾಜ ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಕಟ್ಟಡ

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡೂ ಪಾಲಿಕೆಯ ಆಸ್ತಿ. ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದ ಸಮಿತಿ, ಕೋರ್ಟು, ಸಮಿತಿ ಎಂದು ಸುತ್ತಿತು. ಆ ವಾದದಲ್ಲಿ ಮೇಯರ್ ದನಿ ಹಲವು ದನಿಗಳಲ್ಲಿ ಒಂದು.

ಸಾಮಾನ್ಯ ಬಡಾವಣೆಯವರು ಇದನ್ನು ಮೊದಲ ಬೇಡಿಕೆ ಮಾಡಿಕೊಳ್ಳುವುದು ನನಗೆ ಸರಿಕಾಣದು, ಊರಿನ ಚಹರೆಯ ಮೇಲೆ ಎಷ್ಟೇ ಪ್ರೀತಿಯಿದ್ದರೂ. ಒಳಗೆ ಅಂಗಡಿಯಿಟ್ಟ ಹೂವಿನವರು, ವೀಳ್ಯದೆಲೆಯವರು, ಕುಂಕುಮದವರಿಗಾದರೆ ಇದು ಅನ್ನದ ಪ್ರಶ್ನೆ. ಅವರು ಕೇಳಬೇಕಾದ್ದು ಎರಡು: ಮಳೆಗಾಲದ ಮುಂಚೆ ಪ್ರತಿವರ್ಷ ಕಟ್ಟಡದ ಸುರಕ್ಷತೆಯ ತಪಾಸಣೆ, ಮತ್ತು ಕೆಲಸ ಶುರುವಾದರೆ ತಾತ್ಕಾಲಿಕ ಜಾಗ, ವಾಪಸ್ ಅಂಗಡಿ ಕೊಡುವುದಕ್ಕೆ ಬರಹದಲ್ಲಿ ಖಾತರಿ. ಇವೆರಡೂ ಕೌನ್ಸಿಲ್ ನಿರ್ಣಯದಲ್ಲಿ ಬರಬಲ್ಲವು. ಕೆಡವಬೇಕೋ ಉಳಿಸಬೇಕೋ ಎಂಬುದಕ್ಕೆ ಮೇಯರ್ ಅಭ್ಯರ್ಥಿಯಿಂದ ಪ್ರಮಾಣ ಮಾಡಿಸಿಕೊಂಡು ಉಪಯೋಗವಿಲ್ಲ.

ಯಾರಿಗೆ ಯಾವುದು

ಕೃಷ್ಣಮೂರ್ತಿಪುರಂ, ಅಗ್ರಹಾರದ ಹಳೆ ಬೀದಿಗಳವರಿಗೆ ನೀರು, ಒಳಚರಂಡಿ ಜೋಡಿ. ಪೈಪು ಹಳೆಯದು, ರಸ್ತೆ ಹೇಗೋ ನಡೆಯುತ್ತದೆ. ಕುವೆಂಪುನಗರ, ವಿಜಯನಗರದವರಿಗೆ ಕಸ ಮತ್ತು ಫುಟ್‌ಪಾತ್. ವಿದ್ಯಾರಣ್ಯಪುರದ ಸುತ್ತಿನವರಿಗೆ ಕಸ, ಕಸ, ಮತ್ತೆ ಕಸ. ಅವರ ಪಾಲಿಗೆ ಬೇರೆ ವಾರ್ಡಿನವರು ಬೇರ್ಪಡಿಸುವುದೇ ಮುಖ್ಯ, ಆದ್ದರಿಂದ ಅವರು ಬೇರೆ ಸಂಘಗಳ ಜೊತೆ ಸೇರಿ ಒಂದೇ ಮನವಿ ಕೊಡಬೇಕು. ಪರಿಶಿಷ್ಟರ, ಬಡವರ ಕಾಲೊನಿಗಳಲ್ಲಿ ಇರುವವರು ಶೇ 24.10, ಶೇ 7.25ರ ದುಡ್ಡು ತಮ್ಮ ವಾರ್ಡಿನಲ್ಲಿ ಎಲ್ಲಿ ಖರ್ಚಾಯಿತು ಎಂಬ ಲೆಕ್ಕವನ್ನೇ ಮೊದಲ ಬೇಡಿಕೆ ಮಾಡಿಕೊಳ್ಳಲಿ. ಆ ಲೆಕ್ಕದಿಂದ ಶೌಚಾಲಯ, ನಲ್ಲಿ, ದೀಪ ತಾವಾಗಿ ಹೊರಬರುತ್ತವೆ. ಬಾಡಿಗೆದಾರರಿಗೆ ಖಾತಾ, ತೆರಿಗೆ ವಿಷಯ ತಟ್ಟದು; ನೀರು, ದೀಪ ತಟ್ಟುತ್ತದೆ. ಸಂಘದಲ್ಲಿ ಸದಸ್ಯರಲ್ಲದ ಅವರೂ ವಾರ್ಡಿನ ಮತದಾರರೇ.

ಇಬ್ಬರು ಅಭ್ಯರ್ಥಿಗಳ ನಡುವೆ ತೊಳಲಾಡುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ: “ಮೇಯರ್ ಆಗದಿದ್ದರೆ ಯಾವ ಸ್ಥಾಯಿ ಸಮಿತಿಗೆ ಹೋಗುತ್ತೀರಿ, ಅಲ್ಲಿ ಮೊದಲು ಏನು ಎತ್ತುತ್ತೀರಿ?” ಸಮಿತಿಯ ಹೆಸರೇ ಗೊತ್ತಿಲ್ಲದವರು ಕಾಂಕ್ರೀಟ್ ರಸ್ತೆಯ ಮಾತಿಗೆ ಬರುತ್ತಾರೆ. ಹಿಂದೆ ಕಾರ್ಪೊರೇಟರ್ ಆಗಿದ್ದವರಾದರೆ ಅವರ ವಾರ್ಡಿನ ಕಾಮಗಾರಿ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿ ನೋಡಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಅದರಲ್ಲಿ ಚರಂಡಿ ಮತ್ತು ನೀರಿಗೆ ಎಷ್ಟು, ಸ್ವಾಗತ ಕಮಾನು ಮತ್ತು ನಾಮಫಲಕಕ್ಕೆ ಎಷ್ಟು ಎಂದು ಕೂಡಿಸಿ.

ಕೌನ್ಸಿಲ್ ಇಲ್ಲದ ಕಾಲದಲ್ಲಿ ಇದೇ ಮನವಿ ಆಯುಕ್ತರಿಗೂ ನಿಮ್ಮ ವಲಯ ಕಚೇರಿಗೂ ಹೋಗಬೇಕು. ಪಾಲಿಕೆಗೆ ಒಂಬತ್ತು ವಲಯ ಕಚೇರಿಗಳಿವೆ. ಬಜೆಟ್‌ನಲ್ಲಿ ಸೇರಬೇಕಾದರೆ ಜನವರಿಯೊಳಗೆ ಕೊಡಿ, ಮಾರ್ಚ್‌ನಲ್ಲಿ ಕೊಟ್ಟದ್ದು ಮುಂದಿನ ವರ್ಷಕ್ಕೆ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಗೆಂದು ಕಂದಾಯ ಕಟ್ಟಲು ಹೇಗೂ ವಲಯ ಕಚೇರಿಗೆ ಹೋಗುವವರು, ಜನವರಿಯ ಮನವಿಯ ಸ್ವೀಕೃತಿ ಪ್ರತಿ ಜೊತೆಗಿಟ್ಟುಕೊಂಡು, ಅದು ಯಾವ ಟೇಬಲ್ಲಿನಲ್ಲಿದೆ ಎಂದು ಅಂದೇ ವಿಚಾರಿಸಿ ಬನ್ನಿ.